ಪ್ರಯೋಗಾಲಯದ ರಕ್ತಕ್ಯಾನ್ಸರ್ ಕೋಶಗಳು ಕಾಯಿಲೆಯ ಬುಡ ತೋರಿಸುತ್ತವೆಯೇ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವನು, ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ತಂಗಿಯ ಮಗನಿಗೆ ನಾಲ್ಕು ವರ್ಷ. ಮೂರು ತಿಂಗಳ ಹಿಂದೆ ಮಂಗಳೂರಿನಲ್ಲಿ ರಕ್ತಕ್ಯಾನ್ಸರ್ ಎಂದರು. ಚೀಟಿಯಲ್ಲಿ ಬಿ-ಎಎಲ್‌ಎಲ್ (ಬಿ ಜಾತಿಯ ಬಿಳಿರಕ್ತಕಣಗಳ ತೀವ್ರ ರಕ್ತಕ್ಯಾನ್ಸರ್) ಎಂದು ಬರೆದಿದೆ. ಚಿಕಿತ್ಸೆ ನಡೆಯುತ್ತಿದೆ, ಹುಡುಗ ಈಗ ಎದ್ದು ಆಡುತ್ತಿದ್ದಾನೆ. ಎಂದೋ ತೀರಿಕೊಂಡ ರೋಗಿಗಳ ಕ್ಯಾನ್ಸರ್ ಕೋಶಗಳನ್ನು ಪ್ರಯೋಗಾಲಯಗಳಲ್ಲಿ ಇಂದಿಗೂ ಜೀವಂತವಾಗಿ ಇಟ್ಟಿದ್ದಾರೆ ಎಂದು ಓದಿದೆ. ನಿಜವೇ? ಅವನ್ನು ನೋಡಿ ಈ ಕಾಯಿಲೆ ಎಲ್ಲಿಂದ ಶುರುವಾಯಿತು ಎಂದು ಹೇಳಲು ಬರುತ್ತದೆಯೇ? ನಮ್ಮದು ಎಂಡೋಸಲ್ಫಾನ್ ಕೀಟನಾಶಕ ಬಿದ್ದ ಊರು. ತಂಗಿಯೋ, ಬಸುರಿಯಾಗಿದ್ದಾಗ ಅಡಿಕೆಗೆ ಮದ್ದು ಬಿಟ್ಟ ದಿನ ತಾನು ತೋಟದಲ್ಲೇ ಇದ್ದೆ ಎಂದು ಅಳುತ್ತಾಳೆ. ಹುಡುಗನ ಕೋಶಗಳನ್ನು ಸಂಶೋಧನೆಗೆ ಕೊಡಬಹುದೇ? ಅವನ ಪುಟ್ಟ ತಂಗಿಗೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ತಂಗಿಗೆ ಒಂದು ಮಾತು ಮುಟ್ಟಿಸಿ, ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬಿಡುವ ಮದ್ದೆಂದರೆ ನಮ್ಮಲ್ಲಿ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ. ರಕ್ತಕ್ಯಾನ್ಸರಿಗೆ ಕಾರಣ ಎಂದು ಸಾಬೀತಾದ ವಸ್ತುಗಳಲ್ಲಿ ಅದು ಇಲ್ಲ. ತಾಯಿ ಏನೋ ಮಾಡಿದಳು, ಏನೋ ಬಿಟ್ಟಳು ಎಂದು ಬರುವ ಕಾಯಿಲೆ ಇದಲ್ಲ. ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ. ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ, ಮುಂದೆ ಬರುತ್ತದೆ.

ಈಗ ಕೋಶಗಳ ವಿಚಾರ. ನೀವು ಓದಿದ್ದು ನಿಜ. ನಾನೂ ಕುಂಬಳೆ ಸೀಮೆಯವನೇ. ಇಪ್ಪತ್ತು ವರ್ಷದಿಂದ ಇಂಥ ಕೋಶಗಳನ್ನು ಸಾಕುವುದೇ ನನ್ನ ಕೆಲಸ. ಇವಕ್ಕೆ ಸೆಲ್ ಲೈನ್ ಎನ್ನುತ್ತೇವೆ. ನಿಮ್ಮ ತೋಟದಲ್ಲೂ ಅಂಥದ್ದೊಂದು ಇರಬೇಕು: ಪಣಿಯೂರು ಮೆಣಸು. ಕಣ್ಣೂರು ಜಿಲ್ಲೆಯ ಪಣಿಯೂರಿನ ಸಂಶೋಧನಾ ಕೇಂದ್ರದಲ್ಲಿ ತಯಾರಾದ ಒಂದು ಸಸಿ. ಅದರ ಬಳ್ಳಿ ತುಂಡು ಮಾಡಿ ನೆಟ್ಟರು, ಆ ಬಳ್ಳಿಯನ್ನು ಮತ್ತೆ ತುಂಡು ಮಾಡಿದರು. ಇವತ್ತು ಸಾವಿರಾರು ತೋಟಗಳಲ್ಲಿ ಅಡಿಕೆ ಮರ ಹತ್ತಿ ನಿಂತಿರುವುದು ಅದೇ ಒಂದು ಬಳ್ಳಿ. ಅಡಿಕೆ ಹಾಗಲ್ಲ, ಅದು ಬೀಜದಿಂದ ಬರುವಂಥದ್ದು, ಒಂದು ಮರದ ಹಾಗೆ ಇನ್ನೊಂದಿಲ್ಲ. ರೋಗಿಗಳು ಅಡಿಕೆ ಮರದ ಹಾಗೆ, ಒಬ್ಬರಂತೆ ಒಬ್ಬರಿಲ್ಲ. ಸೆಲ್ ಲೈನ್ ಮಾತ್ರ ಪಣಿಯೂರಿನ ಬಳ್ಳಿ: ಒಬ್ಬ ರೋಗಿ, ಒಂದು ದಿನ ತೆಗೆದ ರಕ್ತ, ಅದರಿಂದ ಕವಲೊಡೆದದ್ದೇ ಲೋಕದ ತುಂಬ.

ಸಾಕುವ ಪಾತ್ರೆ ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಶೀಶೆ. ತಳದಲ್ಲಿ ಒಂದು ಬೆರಳು ಎತ್ತರಕ್ಕೂ ಕಡಿಮೆ ಗುಲಾಬಿ ಬಣ್ಣದ ನೀರು. ಆರ್‌ಪಿಎಂಐ-1640 ಎಂದು ಅದರ ಹೆಸರು: ಸಕ್ಕರೆ, ಲವಣ, ಅಮೈನೋ ಆಮ್ಲ, ವಿಟಮಿನ್ನುಗಳು, ಅದಕ್ಕೆ ನೂರರಲ್ಲಿ ಹತ್ತು ಪಾಲು ಕರುವಿನ ಭ್ರೂಣದ ಸೀರಂ. ಇಟ್ಟಿರುವುದು 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ. ಒಳಗಿನ ಗಾಳಿಯಲ್ಲಿ ನೂರಕ್ಕೆ ಐದು ಇಂಗಾಲದ ಡೈಆಕ್ಸೈಡ್. ಚರ್ಮದ, ಸ್ತನದ ಕೋಶಗಳು ತಳಕ್ಕೆ ಕಚ್ಚಿಕೊಳ್ಳುತ್ತವೆ, ರಕ್ತಕ್ಯಾನ್ಸರಿನವು ತೇಲುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ನೆನೆಸಿಟ್ಟ ಸಾಬಕ್ಕಿಯ ಹಾಗೆ ದುಂಡಗೆ, ಅಂಚು ಮಿನುಗುತ್ತಾ, ಶೀಶೆ ಅಲುಗಿದರೆ ತಾವೂ ಮೆಲ್ಲಗೆ ಸರಿಯುತ್ತವೆ. ಸೋಮವಾರ ಗುಲಾಬಿ ಇದ್ದ ನೀರು ಗುರುವಾರಕ್ಕೆ ಹಳದಿಗೆ ತಿರುಗಿದರೆ ಕೋಶಗಳು ಹೆಚ್ಚಿ, ನೀರು ಹುಳಿಯಾಗಿದೆ ಎಂದು ಅರ್ಥ. ಆಗ ಒಂದು ಪಾಲು ಉಳಿಸಿಕೊಂಡು ಹೊಸ ನೀರು ಹಾಕಬೇಕು. ಓಣಂ ಇರಲಿ, ದೀಪಾವಳಿ ಇರಲಿ, ಇದನ್ನು ತಪ್ಪಿಸುವ ಹಾಗಿಲ್ಲ. ಹಟ್ಟಿಯಲ್ಲಿ ದನ ಕಟ್ಟಿದವರಿಗೆ ಇದು ಗೊತ್ತು. ಸಾಕಿ ಮುಗಿದ ಮೇಲೆ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಮುಳುಗಿಸಿ ಇಟ್ಟರೆ ವರ್ಷಗಟ್ಟಲೆ ಹಾಗೇ ಇರುತ್ತವೆ. ಬೇಕಾದಾಗ ಬೆಚ್ಚನೆಯ ನೀರಿನಲ್ಲಿ ಅದ್ದಿ ಕರಗಿಸಿ ಶೀಶೆಗೆ ಬಿಟ್ಟರೆ, ಒಂದೆರಡು ದಿನದಲ್ಲಿ ಮತ್ತೆ ಎರಡಾಗಲು ಶುರು.

ಈ ಬಗೆಯ ಮನುಷ್ಯಕೋಶಗಳಲ್ಲಿ ಮೊದಲನೆಯದು 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯ ಗರ್ಭಕೊರಳಿನ ಕ್ಯಾನ್ಸರಿನಿಂದ ಬಂದ ಹೀಲಾ. ಆಕೆಯನ್ನು ಒಂದು ಮಾತು ಕೇಳದೆ ತೆಗೆದದ್ದು. ಆಕೆ ಅದೇ ವರ್ಷ ತೀರಿಕೊಂಡರು. ಕೋಶಗಳು ಇಂದಿಗೂ ಇವೆ. ರಕ್ತದ ಕೋಶಗಳು ಒಗ್ಗಿದ್ದು ಇನ್ನೂ ತಡವಾಗಿ: 1963ರಲ್ಲಿ ನೈಜೀರಿಯಾದ 11 ವರ್ಷದ ಹುಡುಗನ ಬರ್ಕಿಟ್ ಗೆಡ್ಡೆಯಿಂದ (ಬಿ ಜಾತಿಯ ಬಿಳಿರಕ್ತಕಣಗಳದ್ದೇ ಒಂದು ಕ್ಯಾನ್ಸರ್) ಬಂದ, ‘ರಾಜಿ’ ಎಂಬ ಹೆಸರಿನ ಸೆಲ್ ಲೈನ್. ಆಮೇಲೆ ಒಂದರ ಹಿಂದೆ ಒಂದು ಬಂದವು. ಅವುಗಳಲ್ಲಿ ನಿಮ್ಮ ಪ್ರಶ್ನೆಗೆ ಬೇಕಾದದ್ದು ಒಂದಿದೆ, ಅದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅದರ ಹೆಸರು ರೆಹ್. 1973ರಲ್ಲಿ 15 ವರ್ಷದ ಹುಡುಗಿಯೊಬ್ಬಳ ರಕ್ತದಿಂದ ಬೆಳೆಸಿದ್ದು. ಅವಳಿಗೂ ನಿಮ್ಮ ಸೋದರಳಿಯನ ಜಾತಿಯದೇ ಕಾಯಿಲೆ. ಒಮ್ಮೆ ಹತೋಟಿಗೆ ಬಂದು ಮರುಕಳಿಸಿತ್ತು. ಆ ಕೋಶಗಳು ದೇಶದಿಂದ ದೇಶಕ್ಕೆ ಹೋದವು, ಎಷ್ಟೋ ಜನ ಸಾಕಿದರು. 1995ರಲ್ಲಿ ಮಕ್ಕಳ ಎಎಲ್‌ಎಲ್‌ನಲ್ಲಿ ಹೊಸದೊಂದು ಜೋಡಣೆ ಪತ್ತೆಯಾಯಿತು: 12ನೇ ಮತ್ತು 21ನೇ ವರ್ಣತಂತುಗಳು ತಮ್ಮ ತುದಿಯ ಚೂರುಗಳನ್ನು ಅದಲುಬದಲು ಮಾಡಿಕೊಂಡು, ಇಟಿವಿ6 ಮತ್ತು ರಂಕ್ಸ್1 ಎಂಬ ಎರಡು ಜೀನುಗಳು ಬೆಸೆದುಕೊಂಡಿರುತ್ತವೆ. ಆ ಎರಡು ಚೂರುಗಳು ಬಣ್ಣ ಹಾಕಿ ನೋಡಿದರೆ ಒಂದರ ಹಾಗೇ ಇನ್ನೊಂದು ಕಾಣುವುದರಿಂದ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಗೊತ್ತಿರುವ ಲೆಕ್ಕದಲ್ಲಿ ಪಾಶ್ಚಾತ್ಯ ದೇಶಗಳ ಮಕ್ಕಳ ಬಿ-ಎಎಲ್‌ಎಲ್‌ನಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಇದೇ. ರೆಹ್ ಕೋಶಗಳನ್ನು ತೆಗೆದು ನೋಡಿದರೆ ಅಲ್ಲೂ ಇತ್ತು! ಇಪ್ಪತ್ತು ವರ್ಷಕ್ಕೂ ಮಿಕ್ಕಿ ಎಲ್ಲರ ಕೈಯಲ್ಲೇ ಇದ್ದ ಕೋಶ, ಉತ್ತರವನ್ನು ಒಳಗೇ ಇಟ್ಟುಕೊಂಡಿತ್ತು. ಸೆಲ್ ಲೈನಿನ ದೊಡ್ಡ ಉಪಕಾರ ಇದು: ಇವತ್ತು ಕೇಳಲು ತಿಳಿಯದ ಪ್ರಶ್ನೆಗೆ ನಾಳೆ ಸಾಕ್ಷಿ ಹೇಳಲು ಅದು ಉಳಿದಿರುತ್ತದೆ.

ಆದರೆ ರೆಹ್‌ನಲ್ಲಿ ಇನ್ನೂ ಒಂದು ಕೊರತೆ ಇದೆ. ಬೆಸೆದುಕೊಳ್ಳದೆ ಉಳಿದಿದ್ದ ಇಟಿವಿ6 ಜೀನಿನ ಇನ್ನೊಂದು ಪ್ರತಿಯೂ ಅಲ್ಲಿ ಕಳೆದುಹೋಗಿದೆ. ಎರಡೂ ಹಾನಿ ಒಂದೇ ಕೋಶದಲ್ಲಿ. ಯಾವುದು ಮೊದಲು? ಎಷ್ಟು ವರ್ಷ ಮೊದಲು? ಅಮ್ಮನ ಹೊಟ್ಟೆಯಲ್ಲೋ, ಶಾಲೆಗೆ ಹೋಗುವ ವಯಸ್ಸಿನಲ್ಲೋ? ಕೋಶ ಅದಕ್ಕೆ ಬಾಯಿ ಬಿಡುವುದಿಲ್ಲ. ಸುಟ್ಟುಹೋದ ಮನೆಯ ಬೂದಿ ನೋಡಿ ಯಾವ ಮರದ ತೊಲೆ ಇತ್ತೆಂದು ಹೇಳಬಹುದು, ಕಿಡಿ ಯಾವ ಮೂಲೆಯಲ್ಲಿ ಹತ್ತಿತೆಂದು ಹೇಳುವುದು ಕಷ್ಟ. ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇದು: ಏನು ಮುರಿದಿದೆ ಎಂದು ಸೆಲ್ ಲೈನ್ ಹೇಳುತ್ತದೆ, ಯಾವಾಗ, ಯಾಕೆ ಎಂಬುದನ್ನು ಅದೊಂದೇ ಹೇಳಲಾರದು.

ಇನ್ನೊಂದು ತೊಡಕೂ ಇದೆ. ಎಲ್ಲ ರೋಗಿಗಳ ಕೋಶವೂ ಶೀಶೆಯಲ್ಲಿ ಬದುಕುವುದಿಲ್ಲ. ಮಕ್ಕಳ ಎಎಲ್‌ಎಲ್ ಕೋಶಗಳನ್ನು ಎಲುಬಿನ ಮಜ್ಜೆಯಿಂದ ಹೊರಗೆ ತಂದರೆ ಬಹುತೇಕ ಕೆಲವೇ ದಿನಗಳಲ್ಲಿ ಸಾಯುತ್ತವೆ. ನಮ್ಮ ಲ್ಯಾಬಿನಲ್ಲಿ ಎಷ್ಟು ಶೀಶೆಗಳು ಹೀಗೆ ಬರಿದಾಗಿವೆ ಎಂದು ಎಣಿಸಿಲ್ಲ; ಮೊದಮೊದಲು ಪ್ರತಿಸಲವೂ ಮನಸ್ಸಿಗೆ ಹತ್ತುತ್ತಿತ್ತು, ಒಬ್ಬ ಮಗು ಸೂಜಿ ಚುಚ್ಚಿಸಿಕೊಂಡು ಕೊಟ್ಟದ್ದಲ್ಲವೇ. ಬದುಕಿ ಉಳಿಯುವುದು ಹೆಚ್ಚಾಗಿ ಮರುಕಳಿಸಿದ, ಔಷಧಕ್ಕೆ ಬಗ್ಗದ, ಒಂಟಿಯಾಗಿ ಬದುಕಲು ಕಲಿತ ಕೋಶಗಳು. ಅಂದರೆ ನಮ್ಮ ಫ್ರೀಜರುಗಳಲ್ಲಿ ಇರುವುದು ಕಾಯಿಲೆಯ ಅತ್ಯಂತ ಹಟಮಾರಿ ಸಂತಾನ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ, ವರ್ಣತಂತುಗಳ ಸಂಖ್ಯೆ 50 ದಾಟುವ ಬಗೆಯೊಂದು ಮಕ್ಕಳಲ್ಲಿ ಸಾಮಾನ್ಯ. ಅದಕ್ಕೆ ಒಳ್ಳೆಯ ಸೆಲ್ ಲೈನ್ ಸಿಗುವುದೇ ದುರ್ಲಭ. ನಿಮ್ಮ ಹುಡುಗನ ಕಾಯಿಲೆಯನ್ನು ರೆಹ್‌ನಂಥ ಕೋಶದ ಕನ್ನಡಿಯಲ್ಲಿ ನೋಡಿ ಹೆದರಬೇಡಿ ಎನ್ನುವುದು ಇದಕ್ಕೇ.

ಹೆಸರನ್ನು ನಂಬಿ ಮೋಸಹೋದದ್ದೂ ಉಂಟು. ಎಚ್‌ಎಲ್-60 ಎಂಬುದು 1977ರಲ್ಲಿ 36 ವರ್ಷದ ಹೆಂಗಸೊಬ್ಬರ ಕೋಶಗಳಿಂದ ಬಂದದ್ದು. ಪ್ರೋಮೈಲೋಸೈಟಿಕ್ ಎಂಬ ಬಗೆಯ ರಕ್ತಕ್ಯಾನ್ಸರ್ ಎಂದು ಬಹುಕಾಲ ಎಲ್ಲರೂ ಅದನ್ನು ಬಳಸಿದರು. ಆ ಬಗೆಯ ಗುರುತೇ 15 ಮತ್ತು 17ನೇ ವರ್ಣತಂತುಗಳ ಅದಲುಬದಲು. ಎಚ್‌ಎಲ್-60ರಲ್ಲಿ ಅದು ಇಲ್ಲವೇ ಇಲ್ಲ. ಆ ಗುರುತಿರುವ ಕೋಶ, ಎನ್‌ಬಿ4, ಬಂದದ್ದು 1991ರಲ್ಲಿ. ಇನ್ನು ಒಂದು ಶೀಶೆಯ ಕೋಶ ಇನ್ನೊಂದಕ್ಕೆ ಬೆರೆಯುವ ಪಿಡುಗು ಬೇರೆ. 1999ರಲ್ಲಿ ಜರ್ಮನಿಯ ಕೋಶಸಂಗ್ರಹದವರು 252 ಸೆಲ್ ಲೈನುಗಳನ್ನು ಪರೀಕ್ಷಿಸಿದಾಗ 45 ತಮ್ಮ ಹೆಸರಿನವೇ ಆಗಿರಲಿಲ್ಲ. ಹಾಗಾಗಿ ಈಗ ಡಿಎನ್‌ಎ ಗುರುತು ತಾಳೆ ನೋಡದೆ ಕೆಲಸ ಶುರು ಮಾಡುವುದು ತಪ್ಪು ಎಂದೇ ನನ್ನ ಮಕ್ಕಳಿಗೆ (ವಿದ್ಯಾರ್ಥಿಗಳಿಗೆ) ಹೇಳುತ್ತೇನೆ. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ ಇಂಥ ಕೋಶಗಳ ಭಂಡಾರ.

ಇಷ್ಟೆಲ್ಲ ಹೇಳಿ ಸೆಲ್ ಲೈನ್ ಬೇಡ ಎನ್ನುತ್ತಿಲ್ಲ. ಎಚ್‌ಎಲ್-60ಕ್ಕೆ ವಿಟಮಿನ್ ಎ ಜಾತಿಯ ರೆಟಿನೋಯಿಕ್ ಆಮ್ಲ ಹಾಕಿದರೆ ಬಲಿಯದ ಕ್ಯಾನ್ಸರ್ ಕೋಶ ಬಲಿತು ಸಾಮಾನ್ಯ ಬಿಳಿರಕ್ತಕಣದ ಹಾಗಾಗುತ್ತದೆ ಎಂದು 1980ರಲ್ಲಿ ಕಂಡರು. ಆ ದಶಕದಲ್ಲೇ ಶಾಂಘೈಯ ವಾಂಗ್ ಝೆನ್‌ಯಿ ಅದರ ಒಂದು ರೂಪವನ್ನು ರೋಗಿಗಳಿಗೆ ಕೊಟ್ಟರು, ಕಾಯಿಲೆ ಇಳಿಯಿತು. ಇಂದು ಪ್ರೋಮೈಲೋಸೈಟಿಕ್ ಬಗೆ ಅತ್ಯಂತ ಹೆಚ್ಚು ಗುಣವಾಗುವ ರಕ್ತಕ್ಯಾನ್ಸರುಗಳಲ್ಲಿ ಒಂದು. ಅದಕ್ಕೆ ಪಾಷಾಣದ (ಆರ್ಸೆನಿಕ್) ಔಷಧವೊಂದನ್ನೇ ಕೊಟ್ಟು ಗುಣಪಡಿಸಿದ ಕೆಲಸ ನಮ್ಮ ವೆಲ್ಲೂರಿನಲ್ಲೂ ಆಗಿದೆ. ಶೀಶೆಯಿಂದ ಹಾಸಿಗೆಯ ತನಕ ಬಂದ ವಿಜ್ಞಾನ ಅದು.

ಹಾಗಾದರೆ ಬುಡ ಕಂಡದ್ದು ಎಲ್ಲಿ? ಅವಳಿ ಮಕ್ಕಳಲ್ಲಿ, ಮತ್ತು ಹುಟ್ಟಿದ ಮಗುವಿನ ಒಂದು ತೊಟ್ಟು ರಕ್ತದಲ್ಲಿ.

ಒಂದೇ ಮಾಸು ಹಂಚಿಕೊಂಡು ಬೆಳೆದ ಅವಳಿಗಳಿಬ್ಬರಿಗೂ ಎಎಲ್‌ಎಲ್ ಬಂದಾಗ ಲಂಡನ್ನಿನ ಮೆಲ್ ಗ್ರೀವ್ಸ್ ಅವರ ತಂಡ ಇಬ್ಬರ ಕೋಶಗಳನ್ನೂ ನೋಡಿತು. ಜೀನು ಎಲ್ಲಿ ತುಂಡಾಗಿ ಎಲ್ಲಿ ಬೆಸೆದಿತ್ತೋ ಆ ಜಾಗ ಇಬ್ಬರಲ್ಲೂ ಅಕ್ಷರ ಅಕ್ಷರ ಒಂದೇ. ಬೇರೆ ಬೇರೆಯಾಗಿ ಇಬ್ಬರಿಗೆ ಹಾಗೆ ಆಗುವುದು ಸಾಧ್ಯವಿಲ್ಲ. ಹೊಟ್ಟೆಯಲ್ಲಿದ್ದಾಗ ಒಂದು ಮಗುವಿನ ಒಂದು ಕೋಶದಲ್ಲಿ ಆದದ್ದು, ಮಾಸಿನ ರಕ್ತನಾಳಗಳ ಮೂಲಕ ಇನ್ನೊಂದು ಮಗುವಿಗೂ ಹರಿದಿತ್ತು. ಆದರೆ ಆಮೇಲೆ ಕಳೆದುಹೋದ ಜೀನು ತುಂಡುಗಳು ಇಬ್ಬರಲ್ಲೂ ಬೇರೆ ಬೇರೆ. ರೆಹ್ ಹೇಳದ ಉತ್ತರ ಇಲ್ಲಿ ಸಿಕ್ಕಿತು: ಬೆಸುಗೆ ಮೊದಲು, ಹುಟ್ಟುವ ಮುಂಚೆ, ಕೊರತೆ ಆಮೇಲೆ. 2008ರಲ್ಲಿ ಅದೇ ತಂಡ ಇನ್ನೊಂದು ಅವಳಿ ಜೋಡಿಯ ವಿವರ ಪ್ರಕಟಿಸಿತು. ಒಬ್ಬಳಿಗೆ ಕಾಯಿಲೆ, ಇನ್ನೊಬ್ಬಳು ಆರೋಗ್ಯವಾಗಿದ್ದಳು. ಆರೋಗ್ಯವಾಗಿದ್ದವಳ ರಕ್ತದಲ್ಲೂ ಬೆಸುಗೆಯಿದ್ದ ಕೋಶಗಳು ಸಣ್ಣ ಸಂಖ್ಯೆಯಲ್ಲಿ ಸುಮ್ಮನೆ ಇದ್ದವು.

ರಕ್ತದ ತೊಟ್ಟಿನ ಕತೆ ಹೀಗೆ. ಹಲವು ದೇಶಗಳಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿನ ಹಿಮ್ಮಡಿ ಚುಚ್ಚಿ, ರಕ್ತವನ್ನು ದಪ್ಪ ಕಾಗದಕ್ಕೆ ಒತ್ತಿಸಿ ಒಣಗಿಸಿ ಇಡುತ್ತಾರೆ. ಬೇರೆ ಕಾಯಿಲೆಗಳ ಪರೀಕ್ಷೆಗೆಂದು ಮಾಡಿದ್ದು. ವರ್ಷಗಳ ಮೇಲೆ ರಕ್ತಕ್ಯಾನ್ಸರ್ ಬಂದ ಮಕ್ಕಳ ಆ ಹಳೆಯ ಕಾಗದಗಳನ್ನು ಹುಡುಕಿ ತೆಗೆದರು. 1997ರಲ್ಲಿ ಶಿಶುಗಳಲ್ಲಿ ಬರುವ ಬಗೆಯಲ್ಲಿ, 1999ರಲ್ಲಿ 12–21ರ ಬೆಸುಗೆಯಿರುವ ಬಗೆಯಲ್ಲಿ, ಕಂದು ಕಲೆಯಾಗಿ ಒಣಗಿದ್ದ ಆ ರಕ್ತದಲ್ಲೇ ಅದೇ ಮಗುವಿನ ಅದೇ ಬೆಸುಗೆ ಸಿಕ್ಕಿತು.

ಮುಂದಿನ ಲೆಕ್ಕವನ್ನು ನಿಮ್ಮ ತಂಗಿಗೆ ಬಿಡಿಸಿ ಹೇಳಿ. ಆರೋಗ್ಯವಂತ ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತ ನೋಡಿದಾಗ ಸುಮಾರು 100ರಲ್ಲಿ ಒಬ್ಬರಲ್ಲಿ ಈ ಬೆಸುಗೆ ಇರುತ್ತದೆ ಎಂದು 2002ರ ಅಧ್ಯಯನ ಹೇಳಿತು. ಆಮೇಲಿನ ಇನ್ನೊಂದು ಅಧ್ಯಯನದಲ್ಲಿ ಅದಕ್ಕೂ ಹೆಚ್ಚು ಬಂದಿದೆ. ಎಎಲ್‌ಎಲ್ ಬರುವುದು ಸುಮಾರು 2000 ಮಕ್ಕಳಲ್ಲಿ ಒಬ್ಬರಿಗೆ, ಅದರಲ್ಲೂ ಈ ಬೆಸುಗೆಯದು ನಾಲ್ಕರಲ್ಲೊಂದು. ಅಂದರೆ ಬೆಸುಗೆ ಹೊತ್ತು ಹುಟ್ಟಿದವರಲ್ಲಿ 100ಕ್ಕೆ 99 ಮಂದಿ ಏನೂ ಆಗದೆ ದೊಡ್ಡವರಾಗುತ್ತಾರೆ. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಕೋಶಗಳು ಕೋಟಿಗಟ್ಟಲೆ ಸಲ ಎರಡಾಗಬೇಕು, ಪ್ರತಿಸಲ ಡಿಎನ್‌ಎ ನಕಲಾಗಬೇಕು. ಇಂಥ ತಪ್ಪು ಅಷ್ಟೊಂದು ಶಿಶುಗಳಲ್ಲಿ ಆಗುತ್ತದೆ ಎಂದರೆ ಅದು ಬೆಳವಣಿಗೆಯೊಳಗಿನ ಆಕಸ್ಮಿಕ. ಒಂದು ದಿನ ತೋಟದಲ್ಲಿ ನಿಂತದ್ದರ ಫಲ ಅಲ್ಲ. ಮೊದಲೇ ಗಟ್ಟಿಯಾಗಿ ಹೇಳಿದ್ದು ಇದರ ಬಲದ ಮೇಲೆ.

ಎರಡನೆಯ ಪೆಟ್ಟು ಹುಟ್ಟಿದ ಮೇಲಿನದು. ರೋಗನಿರೋಧಕ ಕೋಶಗಳು ತರತರದ ಪ್ರತಿಕಾಯಗಳನ್ನು ಮಾಡಲು ತಮ್ಮ ಜೀನುಗಳನ್ನೇ ಕತ್ತರಿಸಿ ಜೋಡಿಸುತ್ತವೆ. ಆ ಕತ್ತರಿಯ ಹೆಸರು ರ್‍ಯಾಗ್. ಬೆಸುಗೆಯಿರುವ ಕೋಶಗಳಲ್ಲಿ ಅದೇ ಕತ್ತರಿ ತಪ್ಪು ಜಾಗಗಳನ್ನು ಕತ್ತರಿಸಿದ ಗುರುತುಗಳನ್ನು 2014ರಲ್ಲಿ ತೋರಿಸಿದ್ದಾರೆ. ಮೊದಲ ವರ್ಷ ಸೋಂಕುಗಳ ಪರಿಚಯವೇ ಇಲ್ಲದೆ ಬೆಳೆದ ಮಗುವಿಗೆ ಆಮೇಲೆ ಬರುವ ಸಾಮಾನ್ಯ ಸೋಂಕು ಈ ಕತ್ತರಿಯನ್ನು ಕೆರಳಿಸುತ್ತದೆ ಎಂಬುದು ಗ್ರೀವ್ಸ್ ಅವರ ವಾದ. ನನಗೆ ಅದು ಒಪ್ಪುವಂಥದ್ದೆನಿಸುತ್ತದೆ, ಆದರೆ ಅದಿನ್ನೂ ವಾದವೇ.

ಇನ್ನು ಎಂಡೋಸಲ್ಫಾನ್. ಇದನ್ನು ಹಗುರವಾಗಿ ತೆಗೆದುಕೊಳ್ಳಲು ನನ್ನಿಂದ ಆಗುವುದಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದು ನಮ್ಮ ಬಾವಿ, ನೀರಿನ ಸುರಂಗ, ತೋಡುಗಳ ಮೇಲೇ. ನಿಮ್ಮ ನೆರೆಯ ಪಡ್ರೆಯ ಶಾಲಾ ಹುಡುಗರ ರಕ್ತದಲ್ಲಿ ಅದು ಸಿಕ್ಕಿದ್ದೂ, ಅವರು ಪ್ರಾಯಕ್ಕೆ ಬರುವುದು ತಡವಾದದ್ದೂ 2003ರಲ್ಲಿ ಪ್ರಕಟವಾಗಿದೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದು 2016ರಲ್ಲಿ, ಎಂಡೋಸಲ್ಫಾನ್ ಕೋಶಗಳ ಡಿಎನ್‌ಎಯ ಎರಡೂ ಎಳೆಗಳನ್ನು ತುಂಡುಮಾಡುತ್ತದೆ, ಆಮೇಲಿನ ರಿಪೇರಿಯೂ ತಪ್ಪು ತಪ್ಪಾಗಿ ಆಗುತ್ತದೆ ಎಂದು ತೋರಿಸಿತು. ಇದು ಸೆಲ್ ಲೈನ್ ಮಾಡಬಲ್ಲ ಕೆಲಸ, ಮತ್ತು ಬಹಳ ಬೆಲೆಬಾಳುವ ಕೆಲಸ.

ಆದರೆ ಶೀಶೆಯಲ್ಲಿ ತುಂಡಾಯಿತು ಎಂಬಲ್ಲಿಂದ ಈ ಮಗುವಿಗೆ ಇದೇ ಕಾರಣ ಎಂಬಲ್ಲಿಗೆ ಹಾರುವ ಹಾಗಿಲ್ಲ. ಶೀಶೆಯಲ್ಲಿ ಯಕೃತ್ತಿಲ್ಲ, ತಾಯಿಯ ಮಾಸು ಇಲ್ಲ. ಬೆಂಜೀನನ್ನೇ ನೋಡಿ: ಅದು ದೊಡ್ಡವರಲ್ಲಿ ತೀವ್ರ ಮೈಲಾಯ್ಡ್ ಎಂಬ ಬೇರೆ ಬಗೆಯ ರಕ್ತಕ್ಯಾನ್ಸರ್ ತರುವುದು ಸಾಬೀತಾದದ್ದು, ಆದರೆ ಮೊದಲು ಯಕೃತ್ತಿನಲ್ಲಿ, ಆಮೇಲೆ ಮಜ್ಜೆಯಲ್ಲಿ ರೂಪ ಬದಲಿಸಿಕೊಂಡ ಮೇಲೆಯೇ ಅದರ ಪೂರ್ತಿ ವಿಷ. ಸಾಬೀತಾದದ್ದೂ ಶೀಶೆಯಿಂದಲ್ಲ, ಕಾರ್ಖಾನೆಯ ಕೆಲಸಗಾರರನ್ನು ವರ್ಷಗಟ್ಟಲೆ ಲೆಕ್ಕ ಇಟ್ಟು. ನಿಮ್ಮ ಹುಡುಗ ಹುಟ್ಟಿದ್ದು ಸಿಂಪಡಣೆ ನಿಂತು ಎರಡು ದಶಕ ದಾಟಿದ ಮೇಲೆ. ಒಂದು ಮಗುವಿನ ಕೋಶವನ್ನು ಎಷ್ಟು ಸೀಳಿ ನೋಡಿದರೂ ಅದರ ಮೇಲೆ ಎಂಡೋಸಲ್ಫಾನಿನ ಮುದ್ರೆ ಒತ್ತಿರುವುದಿಲ್ಲ. ಊರಿನ ಪ್ರಶ್ನೆಗೆ ಊರಿನ ಲೆಕ್ಕವೇ ಬೇಕು: ಯಾವ ಪಂಚಾಯತಿನಲ್ಲಿ, ಯಾವ ವರ್ಷ, ಎಷ್ಟು ಮಕ್ಕಳಿಗೆ, ಯಾವ ಬಗೆ. ನಮ್ಮ ಜನ ಮಂಗಳೂರಿಗೂ ಹೋಗುತ್ತಾರೆ, ತಲಶ್ಶೇರಿಗೂ ಹೋಗುತ್ತಾರೆ, ಬೆಂಗಳೂರಿಗೂ ತಿರುವನಂತಪುರಕ್ಕೂ ಹೋಗುತ್ತಾರೆ. ಒಂದೇ ಊರಿನ ಕಾಯಿಲೆ ಎರಡು ರಾಜ್ಯಗಳ ಕಡತಗಳಲ್ಲಿ ಹಂಚಿಹೋಗುತ್ತದೆ. ಎರಡೂ ಕಡೆಯ ದಾಖಲೆ ಒಟ್ಟು ಸೇರಿಸಿ ಎಣಿಸಬೇಕೆಂದು ನೀವು ಮೇಷ್ಟ್ರುಗಳು ಗ್ರಾಮಸಭೆಯಲ್ಲಿ ಕೇಳಿದರೆ, ಅದಕ್ಕೆ ನನ್ನ ಪೂರ್ಣ ಬೆಂಬಲ ಇದೆ.

ಈಚೆಗೆ ದಾರಿ ತುಸು ಬದಲಾಗಿದೆ. ಮುಗಿದ ಕಾಯಿಲೆಯಿಂದ ಹಿಂದಕ್ಕೆ ನಡೆಯುವ ಬದಲು, ಹೊಕ್ಕುಳಬಳ್ಳಿಯ ರಕ್ತದ ಆರೋಗ್ಯವಂತ ಮೂಲಕೋಶ ತೆಗೆದುಕೊಂಡು, ಕ್ರಿಸ್ಪರ್‌ನಂಥ ಜೀನು ಕತ್ತರಿಗಳಿಂದ ಬೆಸುಗೆಯನ್ನು ತಾವೇ ಮಾಡಿ, ಕೋಶ ಹೇಗೆ ಹಾದಿ ತಪ್ಪುತ್ತದೆಂದು ಮೊದಲ ದಿನದಿಂದ ನೋಡುತ್ತಾರೆ. ಹುಟ್ಟನ್ನು ತಿಳಿಯಲು ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ.

ಕೋಶ ಕೊಡುವ ವಿಚಾರ: ಕೊಡಬಹುದು. ಚಿಕಿತ್ಸೆಗೆಂದು ಮಜ್ಜೆ ತೆಗೆದಾಗ ಉಳಿದದ್ದನ್ನು ಬಳಸುತ್ತಾರೆ, ಅದಕ್ಕಾಗಿ ಬೇರೆ ಚುಚ್ಚಬೇಕಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನಿಯಮದಂತೆ ಲಿಖಿತ ಒಪ್ಪಿಗೆ ಬೇಕೇ ಬೇಕು. ನಾಲ್ಕು ವರ್ಷದವನಿಗೆ ಅಪ್ಪ ಅಮ್ಮ ಸಹಿ ಹಾಕುತ್ತಾರೆ. ಕಾಗದ ಅರ್ಥವಾಗುವ ಭಾಷೆಯಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಸೆಲ್ ಲೈನ್ ಮಾಡುತ್ತೀರಾ, ಬೇರೆಯವರಿಗೆ ಕೊಡುತ್ತೀರಾ, ಹೆಸರು ಹೊರಗೆ ಬರುತ್ತದೆಯೇ, ಇವಿಷ್ಟನ್ನು ಕೇಳಿ. ಬೇಡವೆಂದರೆ ಚಿಕಿತ್ಸೆ ಒಂದಿಷ್ಟೂ ಬದಲಾಗಬಾರದು. ಲ್ಯಾಕ್ಸ್ ಅವರಿಗೆ ಈ ಮಾತು ಯಾರೂ ಹೇಳಲಿಲ್ಲ.

ಪುಟ್ಟ ತಂಗಿಗೆ ಯಾವ ಪರೀಕ್ಷೆಯೂ ಬೇಡ. ಅವಳು ಅವಳಿಯಲ್ಲ, ಅವಳಿಗೆ ಬರುವ ಸಾಧ್ಯತೆ ತೀರಾ ಕಡಿಮೆ. ಸುಮ್ಮನೆ ರಕ್ತ ತೆಗೆಸಿ ಹೆದರಿಸಬೇಡಿ.

ಮುಂದಿನ ಸಲ ಮಂಗಳೂರಿಗೆ ಹೋದಾಗ ಎರಡು ವರದಿ ಕೇಳಿ ಪಡೆಯಿರಿ. ಒಂದು ವರ್ಣತಂತುಗಳದ್ದು: ಅದರಲ್ಲಿ 12–21ರ ಬೆಸುಗೆ ಇದ್ದರೆ, ಅಥವಾ ವರ್ಣತಂತುಗಳ ಸಂಖ್ಯೆ 50 ದಾಟಿದ್ದರೆ, ಅದು ಒಳ್ಳೆಯ ಸುದ್ದಿ, ಒಳ್ಳೆಯ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಲ್ಲಿ 10ಕ್ಕೆ 9 ಮಂದಿ ಗುಣವಾಗುತ್ತಾರೆ. ಇನ್ನೊಂದು ಎಂಆರ್‌ಡಿ, ಅಂದರೆ ಮೊದಲ ಹಂತದ ಚಿಕಿತ್ಸೆ ಮುಗಿದಾಗ ಮಜ್ಜೆಯಲ್ಲಿ ಎಷ್ಟು ರೋಗಕೋಶ ಉಳಿದಿತ್ತು ಎಂಬ ಲೆಕ್ಕ; ಮೂರು ತಿಂಗಳಾಗಿರುವುದರಿಂದ ಅದು ಆಗಿರಬೇಕು. ಎರಡರ ನಕಲನ್ನೂ ಮನೆಯಲ್ಲಿ ಇಟ್ಟುಕೊಳ್ಳಿ. ಯಾವ ಆಸ್ಪತ್ರೆಗೆ ಹೋದರೂ ಡಾಕ್ಟರು ಮೊದಲು ಕೇಳುವುದು ಅವನ್ನೇ.